ಕೊನೇ ಸಾಲಿನಲ್ಲಿ ಕೂತವರಿಗೂ ತಿಳಿಯಬೇಕು ಅಲ್ವಾ?

ಮಾನ್ಯ ಸಂಪಾದಕರೇ,

ಹೋದ ವರ್ಷ ದಸರಾ ಹೊತ್ತಿಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದಿತ್ತು. ಮೆಣಸಿನಕಾಯಿ ಬೆಳೆಗಾರರ ತರಬೇತಿಯ ಫೋಟೋ. ಐದಾರು ಜನ ನಿಂತು ದೀಪ ಹಚ್ಚುತ್ತಿದ್ದಾರೆ. ಕೆಳಗೆ ‘ರೈತರಿಗೆ ಕೀಟ, ರೋಗಗಳ ಬಗ್ಗೆ ಮಾಹಿತಿ ನೀಡಲಾಯಿತು’ ಎಂದಿತ್ತು. ಆ ಸಭೆಯಲ್ಲಿ ನಾನೂ ಇದ್ದೆ, ಹಿಂದಿನಿಂದ ಎರಡನೇ ಸಾಲಿನಲ್ಲಿ. ಮಾಹಿತಿ ಕೊಟ್ಟದ್ದು ನಿಜ. ಆದರೆ ನಮ್ಮ ತನಕ ಅದು ಬಂದು ಮುಟ್ಟಲಿಲ್ಲ. ಈ ವರ್ಷದ ತರಬೇತಿಗೆ ಮೊನ್ನೆ ಮತ್ತೆ ಕರೆ ಬಂತು. ಅದಕ್ಕೇ ಈ ಪತ್ರ.

ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೃಷಿ ಸಖಿ. ತರಬೇತಿಯಲ್ಲಿ ಕಲಿತು ಬಂದು ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಇವತ್ತು ಕೇಳುವವಳು ನಾನೇ, ನಾಳೆ ಹೇಳುವವಳೂ ನಾನೇ. ಮನೆಯಲ್ಲಿ ಎರಡೂವರೆ ಎಕರೆ ಇದೆ. ಒಂದೂವರೆ ಎಕರೆಗೆ ಮೆಣಸಿನಕಾಯಿ, ಉಳಿದದ್ದಕ್ಕೆ ಗೋವಿನಜೋಳ. ಆ ತರಬೇತಿಯ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು ಅಷ್ಟೇ.

ಅವತ್ತು ಹತ್ತೂವರೆಗೆ ಬನ್ನಿ ಎಂದಿದ್ದರು. ಅತಿಥಿಗಳು ಬಂದಾಗ ಹನ್ನೆರಡು. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ನಾಲ್ಕು ಜನರ ಭಾಷಣ ಎಲ್ಲ ಆಗಿ ನಿಜವಾದ ಪಾಠ ಶುರುವಾಗುವಾಗ ಒಂದು ಗಂಟೆ ಹೊಡೆದಿತ್ತು. ಪಕ್ಕದ ಕೋಣೆಯಿಂದ ಪಲಾವ್ ವಾಸನೆ ಬರುತ್ತಿತ್ತು. ಪ್ರೊಜೆಕ್ಟರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟು, ಎತ್ತರಕ್ಕೆ ಅಂತ ಕೆಳಗೆ ಎರಡು ನೋಟ್‌ಬುಕ್ ಕೊಟ್ಟಿದ್ದರು. ಕಿಟಕಿಗಳಿಗೆ ಪರದೆ ಇರಲಿಲ್ಲ. ಆ ಬೆಳಕಿಗೆ ಗೋಡೆಯ ಮೇಲಿನ ಚಿತ್ರಗಳೆಲ್ಲ ಬಿಳುಚಿಕೊಂಡಿದ್ದವು. ಎಲೆ ಹಸಿರೋ ಹಳದಿಯೋ ಗೊತ್ತಾಗಲಿಲ್ಲ. ರೋಗ ತೋರಿಸುವ ಚಿತ್ರದಲ್ಲಿ ಬಣ್ಣವೇ ಕಾಣದಿದ್ದರೆ ನೋಡುವುದೇನನ್ನು?

ಅಕ್ಷರಗಳು ಎಳ್ಳಿನಷ್ಟು. ಕೆಲವು ಕಡೆ ಕನ್ನಡವೇ ಹೋಗಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದಿದ್ದವು. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ, ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಹಾಗಾಗುತ್ತದಂತೆ. ಯೂನಿಕೋಡ್‌ನಲ್ಲಿ ಬರೆದಿದ್ದರೆ, ಇಲ್ಲವೇ ಪಿಡಿಎಫ್ ಮಾಡಿ ತಂದಿದ್ದರೆ ಆಗುತ್ತಿರಲಿಲ್ಲ ಎಂದು ನನ್ನ ಮಗಳೇ ಆಮೇಲೆ ಹೇಳಿದಳು. ಅವಳು ಒಂಬತ್ತನೇ ಕ್ಲಾಸು.

ಮಾತಾಡಿದವರು ಚೆನ್ನಾಗಿ ಓದಿಕೊಂಡವರು. ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಅವರು ಗೋಡೆಯ ಕಡೆ ತಿರುಗಿ, ಅಲ್ಲಿದ್ದದ್ದನ್ನೇ ಓದುತ್ತಾ ಹೋದರು. ಸ್ಲೈಡ್‌ನ ಮೂಲೆಯಲ್ಲಿ ನಂಬರ್ ಇತ್ತು, ಕೊನೆಯದು 64. ನಲವತ್ತು ನಿಮಿಷದಲ್ಲಿ 64! ನಾವು ಓದಬೇಕೋ, ಅವರು ಹೇಳುವುದನ್ನು ಕೇಳಬೇಕೋ? ಎರಡೂ ಒಟ್ಟಿಗೆ ಆಗುವುದಿಲ್ಲ. ನಾನು ಬರೆದುಕೊಳ್ಳಲು ನೋಡಿದೆ. ‘ಸಕ್ಕಿಂಗ್ ಪೆಸ್ಟ್’, ‘ಇಟಿಎಲ್’, ‘2 ಎಂಎಲ್ ಪರ್ ಲೀಟರ್’. ಯಾವುದರ 2 ಎಂಎಲ್ ಎಂದು ತಲೆ ಎತ್ತುವಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿತ್ತು.

ಸಂಜೆ ಟಂಟಂನಲ್ಲಿ ಊರಿಗೆ ಬರುವಾಗ ನಮ್ಮ ಓಣಿಯ ದೊಡ್ಡವ್ವ ಕೇಳಿದಳು: “ಏನವಾ, ಅಷ್ಟೊತ್ತು ಕುಂತು ಬಂದ್ವಿ. ಕಡೀಗೆ ಎಣ್ಣಿ ಯಾವ್ದು ಹೊಡೀಬೇಕಂತ?”

ಔಷಧಿಗೆ ನಮ್ಮ ಕಡೆ ಎಣ್ಣಿ ಅಂತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳ ಗಿಡಗಳು ಆಗ ಹೂ ಬಿಡುವ ಹೊತ್ತು. ಎಲೆ ಮುದುಡುತ್ತಿತ್ತು. ದೊಡ್ಡವ್ವ ಅಂಗಡಿಗೆ ಹೋಗಿ “ಎಲಿ ಮುಟುರ್ಯಾವ” ಅಂದಳು, ಅವರು ಕೊಟ್ಟ ಬಾಟ್ಲಿ ತಂದು ಹೊಡೆಸಿದಳು. ಕಡಿಮೆಯಾಗಲಿಲ್ಲ. ಎಂಟು ದಿನ ಬಿಟ್ಟು ಮತ್ತೆ ಹೊಡೆಸಿದಳು. ನಾನು ಹೊಲಕ್ಕೆ ಹೋಗಿ ನೋಡಿದೆ. ಎಲೆಗಳು ಕೆಳಕ್ಕೆ ಬಾಗಿದ್ದವು. ಕಣ್ಣಾರೆ ಕಂಡರೂ ಅದೇನೆಂದು ನನಗೆ ತಿಳಿಯಲಿಲ್ಲ. 64 ಸ್ಲೈಡ್‌ಗಳಲ್ಲಿ ಎಲ್ಲೋ ಒಂದು ಕಡೆ ಅದೂ ಇದ್ದಿರಬೇಕು.

ಆಮೇಲೆ ನಾನು ಒಬ್ಬ ಕೃಷಿ ವಿಜ್ಞಾನಿಗೆ ಫೋನ್ ಮಾಡಿದೆ. ಊರಿಗೇ ಬಂದು ಮಾತಾಡುತ್ತೇನೆ ಎಂದರು. ಬರುವ ಹಿಂದಿನ ದಿನ ಅವರೇ ಫೋನ್ ಮಾಡಿ ಒಂದೊಂದಾಗಿ ಕೇಳಿದರು. ಎಷ್ಟು ಜನ ಸೇರುತ್ತಾರೆ? ಹೆಣ್ಣುಮಕ್ಕಳು ಎಷ್ಟು? ಯಾವ ಹೊತ್ತಿಗೆ ಅವರಿಗೆ ಬಿಡುವು? ಕೂರುವ ಜಾಗದ ಹತ್ತಿರ ಮೆಣಸಿನಕಾಯಿ ಹೊಲ ಇದೆಯಾ? ಅವರ ಪಾಠ ಆ ಫೋನ್‌ನಲ್ಲೇ ಶುರುವಾಗಿತ್ತು ಅಂತ ಈಗ ಅನಿಸುತ್ತದೆ.

ಅವರು ತಂದದ್ದು ಒಂದು ಭೂತಗನ್ನಡಿ, ನಾಲ್ಕು ಬಿಳಿ ಹಾಳೆ, ಒಂದು ಅಳತೆ ಲೋಟ. ಗುಡಿ ಕಟ್ಟೆಯ ಮೇಲೆ ನಾವು ಮೂವತ್ತು ಜನ ಕೂತಿದ್ದೆವು. ನಮಸ್ಕಾರ ಮಾಡಿದವರೇ ಕೇಳಿದರು: “ನಿಮ್ಮ ಹೊಲದಾಗ ಎಲಿ ಮ್ಯಾಲೆ ಮುದುಡ್ಯಾವೋ, ಕೆಳಗ ಮುದುಡ್ಯಾವೋ?” ಒಬ್ಬರೂ ಹೇಳಲಿಲ್ಲ. ದಿನಾ ನೋಡುವ ಗಿಡ, ಆದರೂ ಗಮನಿಸಿರಲಿಲ್ಲ. “ಹಂಗಾರ ಹೋಗಿ ಒಂದೊಂದು ಕುಡಿ ಮುರಕೊಂಡು ಬರ್ರಿ” ಅಂದರು. ಗುಡಿಯ ಹಿಂದೆಯೇ ಹೊಲ. ಎಲ್ಲರೂ ಎದ್ದು ಹೋದೆವು.

ಕುಡಿ ಹಿಡಿದು ಬಂದ ಮೇಲೆ ತೋರಿಸಿದರು. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗಾದರೆ ಥ್ರಿಪ್ಸ್. ಕೆಳಕ್ಕೆ ಮಡಚಿ ಬೋರಲು ಹಾಕಿದ ದೋಣಿಯ ಹಾಗಾದರೆ ಮೈಟ್ ನುಸಿ. ಮೈಟ್ ಬಿದ್ದ ಎಲೆಯ ತೊಟ್ಟು ಇಲಿ ಬಾಲದ ಹಾಗೆ ಉದ್ದ ಆಗುತ್ತದೆ. ಥ್ರಿಪ್ಸ್ ಕೀಟ, ಆರು ಕಾಲು. ಮೈಟ್‌ಗೆ ಎಂಟು ಕಾಲು, ಜೇಡನ ಕುಲ. ಕೀಟಕ್ಕೆ ಹೊಡೆಯುವ ಎಷ್ಟೋ ಎಣ್ಣಿ ಮೈಟ್‌ಗೆ ತಾಗುವುದಿಲ್ಲ. ದೊಡ್ಡವ್ವ ಎರಡು ಸಲ ಹೊಡೆಸಿದ್ದು ಯಾಕೆ ನಾಟಲಿಲ್ಲ ಅಂತ ಆಗ ತಿಳಿಯಿತು. ದುಡ್ಡು ಹೋಗಿತ್ತು, ಆಳಿನ ಕೂಲಿ ಹೋಗಿತ್ತು, ಹೂವಿನ ಹೊತ್ತೂ ಹೋಗಿತ್ತು.

ನಂತರ ಒಂದು ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿದರು. ಕಪ್ಪು ಚುಕ್ಕಿಗಳು ಬಿದ್ದು ಓಡಾಡತೊಡಗಿದವು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. “ಅಯ್ಯ, ಇಷ್ಟು ದಿನ ಇವನ್ನ ಕಸ ಅಂದಕೊಂಡಿದ್ನೆಲ್ಲೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಇದು ಹೂವಿನೊಳಗೆ ಸೇರುವ ಹೊಸ ಜಾತಿಯ ಥ್ರಿಪ್ಸ್, 2021ರಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿಯನ್ನು ಹಾಳು ಮಾಡಿದ್ದು ಇದೇ ಎಂದು ಅವರು ಹೇಳಿದಾಗ ಒಬ್ಬರೂ ತೂಕಡಿಸುತ್ತಿರಲಿಲ್ಲ.

ಔಷಧಿಯ ಅಳತೆ ಹೇಳಿದ ರೀತಿಯನ್ನು ನಾನು ಮರೆಯುವುದಿಲ್ಲ. ಲೀಟರ್‌ಗೆ 2 ಎಂಎಲ್ ಅಂದು ಬಿಟ್ಟು ಹೋಗಲಿಲ್ಲ. “ನಿಮ್ಮ ಬೆನ್ನಿನ ಪಂಪು ಎಷ್ಟು ಹಿಡೀತದ?” ಎಂದು ಕೇಳಿದರು. 16 ಲೀಟರ್ ಅಂದೆವು. “ಹಂಗಾರ ಒಂದು ಪಂಪಿಗೆ 32” ಎನ್ನುತ್ತಾ ಲೋಟಕ್ಕೆ ನೀರು ಸುರಿದು, ಗೆರೆ ಎಲ್ಲಿ ಬರುತ್ತದೆ ಎಂದು ಸಾಲು ಸಾಲಿಗೆ ಹೋಗಿ ತೋರಿಸಿದರು. ಹೊಲದಲ್ಲಿ ಬೇಕಾಗುವ ಲೆಕ್ಕ ಅದೇ ಅಲ್ವಾ? ಕೊನೆಗೆ ‘ತಿಳೀತಾ?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ದೊಡ್ಡವ್ವನ ಕೈಗೆ ಎರಡು ಕುಡಿ ಕೊಟ್ಟು, “ನೀವು ಹೇಳ್ರಿ, ಯಾವ್ದಕ್ಕ ಏನಾಗೇದ?” ಅಂದರು. ದೊಡ್ಡವ್ವ ಎದ್ದು ನಿಂತಳು. “ದೋಣಿ ಅಂಗಾತ ಇದ್ರ ಥ್ರಿಪ್ಸ, ಬೋರಲ ಇದ್ರ ಮೈಟ” ಅಂದಳು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು.

ಅವತ್ತಿನಿಂದ ನಾನೂ ತಯಾರಿ ಮಾಡುವ ರೀತಿ ಬದಲಿಸಿದೆ. ಮೊದಲು ಒಂದು ಸಾಲು ಬರೆಯುತ್ತೇನೆ: ಇದನ್ನು ಕೇಳಿದವರು ನಾಳೆ ಬೆಳಿಗ್ಗೆ ಹೊಲದಲ್ಲಿ ಏನು ಮಾಡಬೇಕು? ಆ ಸಾಲು ಬರೆಯಲು ಆಗದಿದ್ದರೆ ನನಗೇ ಇನ್ನೂ ವಿಷಯ ತಿಳಿದಿಲ್ಲ ಎಂದು ಅರ್ಥ, ಮತ್ತೆ ಓದುತ್ತೇನೆ. ಸಾಲು ಸಿಕ್ಕ ಮೇಲೆ, ಅದಕ್ಕೆ ಬೇಡವಾದದ್ದನ್ನು ಬಿಡುತ್ತೇನೆ. ನಿಜ ಹೇಳಬೇಕೆಂದರೆ ಇದೇ ಬಹಳ ಕಷ್ಟ. ಬಿಳಿ ನೊಣದಿಂದ ಹರಡುವ ನಂಜು ರೋಗದಲ್ಲೂ ಎಲೆ ಮುದುಡುತ್ತದೆ. ಅದನ್ನೂ ಹೇಳಬೇಕು ಅಂತ ಆಸೆ ಆಗುತ್ತದೆ. ಆದರೆ ಮೂರನ್ನೂ ಒಂದೇ ದಿನ ಹೇಳಿದರೆ ಮೂರೂ ಕಲಸಿಹೋಗುತ್ತವೆ. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳುತ್ತೇನೆ.

ಹಿಂದಿನ ದಿನ ಜಾಗ ನೋಡಿ ಬರುತ್ತೇನೆ. ಆ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆ? ಪ್ಲಗ್ ಪಾಯಿಂಟ್ ಇದೆಯಾ? ಕರೆಂಟ್ ಹೋದರೆ ಏನು ಮಾಡಲಿ? ಕೊನೇ ಸಾಲಿನ ಜಾಗದಲ್ಲಿ ನಾನೇ ಕೂತು, ನಾನು ತೋರಿಸುವ ಚಿತ್ರ ಅಲ್ಲಿಗೆ ಕಾಣುತ್ತದಾ ಎಂದು ನೋಡುತ್ತೇನೆ. ನಮ್ಮ ಹೆಣ್ಣುಮಕ್ಕಳು ಹಿಂದೆಯೇ ಕೂರುವುದು. ಕಳೆ ತೆಗೆಯುವವರು, ಕಾಯಿ ಬಿಡಿಸುವವರು, ಮುದುಡಿದ ಎಲೆಯನ್ನು ಮೊದಲು ಕಾಣುವವರು ಅವರೇ. ಅಲ್ಲಿಗೆ ಕಾಣದ ಚಿತ್ರವನ್ನು ತೋರಿಸಿ ಪ್ರಯೋಜನ ಇಲ್ಲ.

ರಾತ್ರಿ ಅಡುಗೆ ಮುಗಿದ ಮೇಲೆ ಮಗಳ ಮುಂದೆ ಜೋರಾಗಿ ಹೇಳುತ್ತೇನೆ. ಅವಳು ಮೊಬೈಲ್‌ನಲ್ಲಿ ಹೊತ್ತು ನೋಡುತ್ತಾಳೆ. ಮನಸ್ಸಿನಲ್ಲೇ ಹೇಳಿಕೊಂಡಾಗ ಹತ್ತು ನಿಮಿಷ ಅನಿಸಿದ್ದು ಬಾಯಿ ಬಿಟ್ಟು ಹೇಳಿದರೆ ಹದಿನೇಳು ಆಗಿತ್ತು. ಅವಳಿಗೆ ತಿಳಿಯದ ಮಾತನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾಳೆ. ‘ರಸ ಹೀರುವ ಕೀಟ ನಿರ್ವಹಣೆ’ ಅಂದದ್ದು ‘ಎಲಿ ರಸ ಕುಡಿಯೋ ಹುಳ’ ಆದದ್ದು ಹಾಗೆ.

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರುವುದನ್ನು ಕಲಿಯಲು ನನಗೆ ತಿಂಗಳುಗಟ್ಟಲೆ ಬೇಕಾಯಿತು. ಮೊದಮೊದಲು ಎರಡು ಉಸಿರು ಬಿಡುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಈಗ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಏಳು, ಎಂಟಕ್ಕೆ ಬರುವಷ್ಟರಲ್ಲಿ ಯಾರಾದರೂ ಬಾಯಿ ಬಿಡುತ್ತಾರೆ. ಒಬ್ಬರು ಶುರು ಮಾಡಿದರೆ ಉಳಿದವರಿಗೂ ಧೈರ್ಯ ಬರುತ್ತದೆ. ಮುಂದಿನ ಸಾಲಿನವರು ಮೆಲ್ಲಗೆ ಕೇಳಿದ್ದನ್ನು ನಾನು ಜೋರಾಗಿ ಇನ್ನೊಮ್ಮೆ ಹೇಳಿ, ಆಮೇಲೆ ಉತ್ತರ ಕೊಡುತ್ತೇನೆ.

ಇನ್ನು ತರಬೇತಿ ನಡೆಸುವವರಿಗೆ ನನ್ನ ಕಳಕಳಿಯ ಮನವಿ. ಅತಿಥಿಗಳಿಗೆ ಗೌರವ ಕೊಡುವುದು ನಮ್ಮ ಪದ್ಧತಿ, ಬೇಡ ಎನ್ನುವುದಿಲ್ಲ. ಆದರೆ ಪಾಠ ಮೊದಲು ಆಗಲಿ, ಸನ್ಮಾನ ಆಮೇಲೆ. ಪಾಠ ಹೇಳುವವರೂ ತಮ್ಮ ಒಂದು ಗಂಟೆ ಅರ್ಧ ಗಂಟೆಯಾದರೆ ಏನು ಬಿಡಬೇಕು ಎಂದು ಮನೆಯಲ್ಲೇ ಯೋಚಿಸಿಕೊಂಡು ಬರಲಿ. ಈಗ ಆಗುವುದೇನು ಅಂದರೆ, ಪೀಠಿಕೆ ಪೂರ್ತಿ ಹೇಳುತ್ತಾರೆ, ಔಷಧಿಯ ಅಳತೆಗೆ ಬರುವಾಗ ಓಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಭಾಗದ್ದೇ ಬೆಳೆ ಎಂಬ ಗುರುತು, ಸಿಕ್ಕಿತು ಎಂದು ಹೋದ ವರ್ಷ ಹತ್ತು ನಿಮಿಷ ಹೇಳಿದರು. ನಮಗೆ ಅದು ಹೆಮ್ಮೆಯ ವಿಷಯವೇ. ಆದರೆ ಅವತ್ತು ಬೇಕಾಗಿದ್ದದ್ದು ಎಲೆಯ ಮಾತು.

ಕಾಯಿ ಬರುವ ಕಾಲದಲ್ಲಿ ಸೋಮವಾರ, ಗುರುವಾರ ತರಬೇತಿ ಇಡಬೇಡಿ. ಅವತ್ತು ಬ್ಯಾಡಗಿ ಮಾರುಕಟ್ಟೆ, ಮೆಣಸಿನಕಾಯಿಯವರು ಯಾರೂ ಬರುವುದಿಲ್ಲ. ಆಗುವುದಾದರೆ ಸಭಾಂಗಣ ಬಿಟ್ಟು ಹೊಲದ ಬದುವಿಗೇ ಬನ್ನಿ. ಧಾರವಾಡದ ಕೃಷಿ ಮೇಳಕ್ಕೆ ನಾವು ಗಾಡಿ ಮಾಡಿಕೊಂಡು ಹೋಗುತ್ತೇವಲ್ಲ, ಅಲ್ಲಿ ನಮ್ಮ ಹೆಂಗಸರು ಹೆಚ್ಚು ಹೊತ್ತು ನಿಲ್ಲುವುದು ಬೆಳೆ ನಿಂತ ತಾಕುಗಳ ಮುಂದೆ. ಪ್ರೊಜೆಕ್ಟರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೈಟ್ ಬರಿಗಣ್ಣಿಗೆ ಕಾಣುವುದು ಕಷ್ಟ. ಅದನ್ನು ಗೋಡೆ ತುಂಬ ದೊಡ್ಡದು ಮಾಡಿ ತೋರಿಸಿದರೆ ಬಹಳ ಉಪಕಾರ. ಒಂದು ಸ್ಲೈಡ್‌ಗೆ ಒಂದೇ ಚಿತ್ರ ಇರಲಿ. ಮಾತನ್ನು ನೀವು ನಮ್ಮ ಮುಖ ನೋಡಿ ಹೇಳಿ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೋರಿಕೆ. ತರಬೇತಿಯ ಸುದ್ದಿ ಹಾಕುವಾಗ ದೀಪ ಹಚ್ಚಿದವರ ಹೆಸರಿನ ಜೊತೆ, ಅಲ್ಲಿ ಹೇಳಿದ ಒಂದು ವಿಷಯವನ್ನಾದರೂ ಪೂರ್ತಿ ಹಾಕಿ. ನಿಮ್ಮ ವರದಿಗಾರರು ಹೊರಡುವ ಮುಂಚೆ ಹಿಂದಿನ ಸಾಲಿನ ಇಬ್ಬರನ್ನು ಮಾತಾಡಿಸಲಿ, ಏನು ತಿಳಿಯಿತು ಎಂದು ಕೇಳಲಿ. ಅವರು ಹೇಳಿದ್ದು ಪತ್ರಿಕೆಯಲ್ಲಿ ಬರುತ್ತದೆ ಎಂದು ಗೊತ್ತಾದರೆ, ಮಾತಾಡುವವರು ಹಿಂದಿನ ಸಾಲನ್ನೂ ನೋಡಿ ಮಾತಾಡುತ್ತಾರೆ ಎಂಬ ನಂಬಿಕೆ ನನಗಿದೆ.

ಈ ಸಲ ನಾಟಿ ಆದ ಮೇಲೆ ನಮ್ಮ ಓಣಿಯ ಸಭೆಯಲ್ಲಿ ಎಲೆ ಮುದುಡುವುದರ ಬಗ್ಗೆ ದೊಡ್ಡವ್ವನೇ ಹೇಳುತ್ತಾಳೆ. ಭೂತಗನ್ನಡಿ ಈಗಲೇ ಇಸಿದುಕೊಂಡು ಹೋಗಿದ್ದಾಳೆ. ನಾನು ಅವತ್ತು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಇಂತಿ,
ಒಬ್ಬ ಕೃಷಿ ಸಖಿ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ