ಹನ್ನೆರಡೇ ಯಾಕೆ ಅಂದೆಯಲ್ಲ

ಹೊಸೂರು

ಪುಟ್ಟೀ,

"ಟ್ರಾನ್ಸ್‌ಫಾರ್ಮರ್ ಶೆಡ್ಡಲ್ಲಿ 30 ಜನಕ್ಕೆ ಜಾಗ ಇದೆ, ಕೆಲಸಕ್ಕೆ 12 ಜನಾನೇ ಯಾಕೆ ತಗೊಳ್ತೀಯ ಅಪ್ಪ?" ಅಂತ ನೀನು ಕೇಳಿದೆ. ಕ್ರೇನ್ ಸದ್ದಲ್ಲಿ ಕೇಳಿಸಲಿಲ್ಲ ಅಂದೆ ನಾನು. ಕೇಳಿಸಿತ್ತು.

ನಿನ್ನ ತಾತ ಬಾಗಲೂರು ರಸ್ತೆಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟುತ್ತಿದ್ದ ಕಾಲಕ್ಕೆ ಊರಿಗೆ ಲೇಲ್ಯಾಂಡ್, ಟೈಟನ್ ಕಾರ್ಖಾನೆಗಳು ಬಂದವು. ತಳಿ, ಡೆಂಕಣಿಕೋಟೆ ಕಡೆಯ ಹುಡುಗರು ಮೊದಲು ಆ ಗೇಟುಗಳ ಮುಂದೆ ನಿಲ್ಲುತ್ತಿದ್ದರು. ಅಲ್ಲಿ ಆಗದವರು ನಮ್ಮಲ್ಲಿಗೆ. ಈಗಲೂ ಹೆಚ್ಚುಕಮ್ಮಿ ಹಾಗೇ.

ಬಂದವರು ವಾರದಲ್ಲಿ ಕೆಲಸ ಕಲಿಯುವುದಿಲ್ಲ. 11 ಕೆವಿಯನ್ನು 433 ವೋಲ್ಟಿಗೆ ಇಳಿಸುವ ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಕಡಿಮೆ ವೋಲ್ಟಿನ ಕಾಯಿಲಿನ ಒಂದು ಸುತ್ತಿಗೆ ಹೆಚ್ಚು ವೋಲ್ಟಿನ ಕಾಯಿಲಿನಲ್ಲಿ 44 ಸುತ್ತು ತಂತಿ. ಲೆಕ್ಕ ತಪ್ಪಿದ್ದು ಗೊತ್ತಾಗುವುದು ಕಾಯಿಲ್ ಕೋರಿಗೆ, ಅಂದರೆ ಒಳಗಿನ ಉಕ್ಕಿನ ಚೌಕಟ್ಟಿಗೆ ಏರಿ, ಸುತ್ತಿನ ಲೆಕ್ಕ ನೋಡುವ ರೇಷಿಯೋ ಟೆಸ್ಟಿಗೆ ಬಂದ ಮೇಲೆ. ಅಂಚೆಟ್ಟಿಯಿಂದ ಬಸ್ಸಲ್ಲಿ ಬರುವ ಹುಡುಗಿಯನ್ನು ನೋಡಿದ್ದೀಯಲ್ಲ, ತಂತಿ ಬೆರಳ ನಡುವೆ ಓಡುತ್ತಿರುವಾಗಲೇ ಮೇಲಿನ ಎನಾಮಲ್ ಲೇಪ ಎದ್ದ ಜಾಗಕ್ಕೆ ಟಕ್ಕನೆ ಮೆಷಿನ್ ನಿಲ್ಲಿಸುತ್ತಾಳೆ. ಆ ಬೆರಳಿಗೆ ಎರಡು ವರ್ಷ ಹಿಡಿಯಿತು.

ಅದಿರಲಿ, ನಿಜವಾದ ಕಾರಣ ಬೇರೆ. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡ ಆರ್ಡರ್ ಸಿಕ್ಕ ಖುಷಿಗೆ 20 ಜನರನ್ನು ಒಟ್ಟಿಗೆ ಸೇರಿಸಿಕೊಂಡೆ. ಮಾಲು ಹೋಯಿತು, ಬಿಲ್ಲು ಬರಲಿಲ್ಲ. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ, ಆದರೂ ಬರಲಿಲ್ಲ. ಕೋರ್ ಸ್ಟೀಲಿನವನು ಮಾತ್ರ ಮುಂಗಡ ಬೀಳದೆ ಲಾರಿ ಬಿಡುವುದಿಲ್ಲ. ಎಂಟನೇ ತಿಂಗಳಿಗೆ 9 ಜನರನ್ನು ಮನೆಗೆ ಕಳಿಸಿದೆ. ಅವರಲ್ಲೊಬ್ಬ ಲಾಕರಿನ ಬೀಗ, ಕೀ ಎರಡನ್ನೂ ಮೇಜಿನ ಮೇಲಿಟ್ಟು "ಆಯ್ತಣ್ಣ" ಅಂದ. ಬೈದಿದ್ದರೆ ವಾಸಿ ಇತ್ತು. ಅವರೇ ಬಿಟ್ಟು ಹೋದರು ಅಂತ ಮನೆಯಲ್ಲಿ ಹೇಳಿದ್ದೆ, ನೆನಪಿದೆಯಾ? ಸುಳ್ಳು.

ಅದಕ್ಕೇ ಈ ಸಲ, ಆರು ತಿಂಗಳು ಬಿಲ್ಲು ನಿಂತರೂ ಸಂಬಳ ಕೊಡಲು ಆಗುವಷ್ಟೇ ಜನ. "ಮೊದಲು ಕಾಂಟ್ರ್ಯಾಕ್ಟಲ್ಲಿ ಇಟ್ಕೊ, ಆಮೇಲೆ ನೋಡೋಣ" ಅಂತಾನೆ ನಿನ್ನ ಚಿಕ್ಕಪ್ಪ. ಮೊದಲ ದಿನದಿಂದಲೇ ಇಎಸ್‌ಐ, ಪಿಎಫ್ ಅಂದೆ. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ, ಊಟಕ್ಕೆ ಮಾತ್ರ ಬರುತ್ತಾನೆ.

ಆ ಬೀಗದವನಿಗೆ ಮೊನ್ನೆ ಫೋನ್ ಮಾಡಿದ್ದೆ. ಈಗ ತಳಿ ಹತ್ತಿರ ರೋಜಾ ಪಾಲಿಹೌಸಿನಲ್ಲಿದ್ದಾನಂತೆ. "ಮನೇಲಿ ಕೇಳಿ ಹೇಳ್ತೀನಣ್ಣ" ಅಂದ.

ಶನಿವಾರ ಬರುವಾಗ ಅತ್ತಿಬೆಲೆ ದಾಟಿದ ಮೇಲೆ ಫೋನ್ ಮಾಡು. ಸಂಬಳದ ಲೆಕ್ಕ ನೀನೊಮ್ಮೆ ನೋಡಬೇಕು. 12 ಜನಕ್ಕೇ ಹಾಕಿದ್ದೇನೆ, ಹೆಸರು ಮಾತ್ರ 11 ಇವೆ.

ನಿನ್ನ ಅಪ್ಪ