ಒಂದು ಅಂಕದ ಋಣ

2023ರ ಡಿಸೆಂಬರ್ 15, ವರ್ಜೀನಿಯಾದ ಸೇಲಂ. ಕಾರ್ಟ್‌ಲ್ಯಾಂಡ್ 38, ನಾರ್ತ್ ಸೆಂಟ್ರಲ್ 37. ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಕಾಲೇಜಾದ ಕಾರ್ಟ್‌ಲ್ಯಾಂಡ್ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮೊದಲ ಸಲ ಡಿವಿಷನ್ 3 ರಾಷ್ಟ್ರೀಯ ಚಾಂಪಿಯನ್ ಆಯಿತು. ಹದಿನೈದು ಪಂದ್ಯಗಳಲ್ಲಿ ಸೋತಿದ್ದು ಒಂದೇ. ಆಟದ ಹೆಸರಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲದ ದರ್ಜೆ ಇದು. ಫೀಸು ಕಟ್ಟಿ, ಪರೀಕ್ಷೆ ಬರೆದು, ಜೊತೆಗೆ ಏಟನ್ನೂ ತಿಂದ ಹುಡುಗರಿಗೆ, ಅವರ ಕೋಚ್ ಕರ್ಟ್ ಫಿಟ್ಜ್‌ಪ್ಯಾಟ್ರಿಕ್ ಅವರಿಗೆ ಮೊದಲ ನಮಸ್ಕಾರ.

ಉಳಿದ ಧನ್ಯವಾದವೆಲ್ಲ ಆ ಒಂದು ಅಂಕವನ್ನು ಕಾಯುವವರಿಗೆ.

ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಆಮೇಲಿನ 1 ಅಂಕದ ಕಿಕ್ ಹೊತ್ತಿಗೆ ಜನ ಕಾಫಿಗೆ ಎದ್ದು ಹೋಗುತ್ತಾರೆ. ಆದರೆ ಅಲ್ಲಿ ನಡೆಯುವುದನ್ನು ನೋಡಿ: ಚೆಂಡು 3 ಗಜದ ಗೆರೆಯ ಮೇಲೆ. ಸ್ನ್ಯಾಪರ್ ತಲೆ ಬಗ್ಗಿಸಿ ಅದನ್ನು ಕಾಲ ಸಂದಿಯಿಂದ ಸುಮಾರು 7 ಗಜ ಹಿಂದಕ್ಕೆ ಎಸೆಯಬೇಕು. ಮಂಡಿಯೂರಿದ ಹೋಲ್ಡರ್ ಅದನ್ನು ಹಿಡಿದು, ನೆಲಕ್ಕಿಟ್ಟು, ಹೊಲಿಗೆಯ ಲೇಸು ಗೋಲ್‌ಕಂಬದ ಕಡೆಗೆ ಬರುವಂತೆ ತಿರುಗಿಸಬೇಕು. ಲೇಸು ಕಿಕ್ಕರ್‌ನ ಕಾಲಿಗೇ ಸಿಕ್ಕರೆ ಚೆಂಡು ಸೊಟ್ಟಗೆ ಹಾರುತ್ತದೆ. ಎಸೆತದಿಂದ ಒದೆತದವರೆಗೆ ಇರುವುದು 1.3 ಸೆಕೆಂಡಿನ ಆಸುಪಾಸು. ಎಸೆತ ಒಂದಡಿ ತಗ್ಗಿದರೂ ಹೋಲ್ಡರ್ ತಡಕಾಡುತ್ತಾನೆ, ಕಿಕ್ಕರ್‌ನ ಹೆಜ್ಜೆ ತಪ್ಪುತ್ತದೆ. ಎದುರಾಳಿ ನುಗ್ಗದಂತೆ ಅಡ್ಡ ನಿಂತ ಸಾಲು ಮೊದಲು ಒಳಗಿನ ಸಂದಿ ಮುಚ್ಚಬೇಕು, ಹೊರಗಿನದು ಆಮೇಲೆ. ಚೆಂಡಿಗೆ ಹತ್ತಿರದ ದಾರಿ ಒಳಗಿನದೇ. ತಿಂಗಳುಗಟ್ಟಲೆ ಇಷ್ಟನ್ನೇ ತಿರುತಿರುಗಿ ಮಾಡುವ ಹುಡುಗರೇ, ನಿಮಗೆ ಕೈ ಮುಗಿದೆವು.

ಚೆಂಡು ನೋಡಿಕೊಳ್ಳುವವರಿಗೂ. ನಿಯಮದ ಪ್ರಕಾರ ಗಾಳಿ 12.5ರಿಂದ 13.5 ಪಿಎಸ್‌ಐ (ನಮ್ಮೂರ ಠಾಣೆಯವರಲ್ಲ, ಒತ್ತಡದ ಅಳತೆ). ಬೆಚ್ಚಗಿನ ಕೋಣೆಯಲ್ಲಿ ತುಂಬಿ ಡಿಸೆಂಬರ್ ಚಳಿಗೆ ತಂದರೆ ಒತ್ತಡ ತಾನಾಗಿ ಇಳಿಯುತ್ತದೆ. ಗಾಳಿ ತುಂಬುವ ಹೆಲ್ಮೆಟ್ ಪ್ಯಾಡುಗಳ ಕತೆಯೂ ಇದೇ: ಒಳಗೆ ಬಿಗಿಯಾಗಿದ್ದದ್ದು ಮೈದಾನದಲ್ಲಿ ಅಲ್ಲಾಡುತ್ತದೆ. ಹಾಗಾಗಿ ಹೊರಗೆ ನಿಂತು ಇನ್ನೊಮ್ಮೆ ನೋಡಬೇಕು. ಮುಖದ ಮುಂದಿನ ಜಾಲರಿ ಹಿಡಿದು ತಿರುಗಿಸಿದಾಗ ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಸರಿಯಬೇಕು, ಹೆಲ್ಮೆಟ್ ಒಂದೇ ಜಾರಬಾರದು.

ಟ್ರೇನರ್‌ಗಳ ಋಣ ದೊಡ್ಡದು. ಪಾದದ ಕೀಲಿಗೆ ಒಂದೂವರೆ ಇಂಚಿನ ಟೇಪು ಸುತ್ತುವಾಗ ಪಾದ ನೆಟ್ಟಗೆ 90 ಡಿಗ್ರಿಯಲ್ಲಿರಬೇಕು. ಹುಡುಗ ಫೋನ್ ನೋಡುತ್ತಾ ಪಾದ ಇಳಿಬಿಟ್ಟನೋ, ಎದ್ದು ನಿಂತ ಕೂಡಲೇ ಟೇಪು ಸಡಿಲ. ಒಂದು ಸುಕ್ಕು ಉಳಿದರೂ ಚರ್ಮದ ಮೇಲೆ ಗುಳ್ಳೆ. ಆಗಸ್ಟ್ ಬಿಸಿಲಿನ ಅಭ್ಯಾಸಕ್ಕೆ ಐಸ್ ನೀರಿನ ತೊಟ್ಟಿ ಸಿದ್ಧ ಇಡುವವರೂ ಇವರೇ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿ ಹುಡುಗ ತಡಬಡಿಸಿ ಮಾತಾಡತೊಡಗಿದರೆ, ಮೊದಲು ತೊಟ್ಟಿಯಲ್ಲಿ ಮುಳುಗಿಸಿ ನೀರು ಕಲಕುತ್ತಾ ತಂಪು ಮಾಡಬೇಕು, ಆಂಬುಲೆನ್ಸ್ ಪಯಣ ಆಮೇಲೆ. ವರ್ಷವಿಡೀ ಆ ತೊಟ್ಟಿ ಬಳಸದೇ ಉಳಿದರೆ ಅದಕ್ಕಿಂತ ಒಳ್ಳೆ ಸುದ್ದಿಯಿಲ್ಲ.

ಬಟ್ಟೆ ಒಗೆದವರನ್ನು ಮರೆತರೆ ಪಾಪ ತಟ್ಟುತ್ತದೆ. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಹದಿನೈದು ಪಂದ್ಯ ಅಂದರೆ ಹದಿನೈದು ಸಲ ಅದೇ ಜೆರ್ಸಿ ರಾಶಿ.

ಕೊನೆಗೆ ನಾರ್ತ್ ಸೆಂಟ್ರಲ್‌ನವರಿಗೂ. ಕೊನೆಯ ಎರಡು ನಿಮಿಷದೊಳಗೆ ಟಚ್‌ಡೌನ್ ಹೊಡೆದು 37ಕ್ಕೆ ಬಂದಿದ್ದರು. ಕಿಕ್ ಹೊಡೆದು ಸಮ ಮಾಡಿಕೊಳ್ಳಬಹುದಿತ್ತು. ಕಿಕ್ ಬಿಟ್ಟು, ಚೆಂಡನ್ನು ಇನ್ನೊಮ್ಮೆ ಗೆರೆ ದಾಟಿಸಿದರೆ ಸಿಗುವ 2 ಅಂಕಕ್ಕೇ ಕೈ ಹಾಕಿದರು, ದಕ್ಕಲಿಲ್ಲ. ನಮ್ಮ ಮಟ್ಟಿಗೆ ಅದು ತಪ್ಪು ಲೆಕ್ಕವಲ್ಲ, ಎದೆಗಾರಿಕೆ.

ಇನ್ನು ಹೆಲ್ಮೆಟ್‌ಗಳ ತಪಾಸಣೆಯ ಕಾಲ. ಚಿನ್‌ಸ್ಟ್ರಾಪ್ ಬಿಚ್ಚಿ, ನಂಬರ್ ಬರೆದಿಟ್ಟು, ಬಿರುಕು ಬಿಟ್ಟವನ್ನು ಬೇರೆ ಪೆಟ್ಟಿಗೆಗೆ ಹಾಕುತ್ತಿರುವ ಕೈಗಳಿಗೆ ಮುಂಚಿತವಾಗಿಯೇ ಥ್ಯಾಂಕ್ಸ್.