ಅಧ್ಯಕ್ಷರೇ, ಈ ಸಲ ಹೇಳದೆ ಬನ್ನಿ

ವಿಧಾನಮಂಡಲದ ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿಯ ಮಾನ್ಯ ಅಧ್ಯಕ್ಷರಿಗೆ ನಮಸ್ಕಾರ.

ನಿಮ್ಮ ಸಮಿತಿಯ ಕೆಲಸ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಬಹುದು, ಸ್ಥಳಕ್ಕೇ ಬಂದು ನೋಡಬಹುದು, ಸದನಕ್ಕೆ ವರದಿ ಕೊಡಬಹುದು. ನನ್ನ ಬೇಡಿಕೆ ಒಂದೇ. ನಮ್ಮ ಬಡಾವಣೆಗೆ ಬನ್ನಿ. ಮೊದಲೇ ಹೇಳಿ ಬರಬೇಡಿ.

ನಮ್ಮ ಮನೆ ಮುಂದಿನ ಮೋರಿಯ ಹೂಳು ತೆಗೆಯಲು ಅಂತ ಚಪ್ಪಡಿ ಎತ್ತಿದರು. ಹೂಳನ್ನು ಅಲ್ಲೇ ರಸ್ತೆ ಬದಿಗೆ ಸುರಿದರು. ಒಂದೇ ಮಳೆಗೆ ಅದು ಮತ್ತೆ ಮೋರಿಗೇ ಹೋಯಿತು. ಚಪ್ಪಡಿ ಮಾತ್ರ ವಾಪಸ್ ಬರಲಿಲ್ಲ. ಈಗ ಜೋರು ಮಳೆ ಬಂದರೆ ಕೊಳಚೆ ನೀರು ಅಡುಗೆಮನೆವರೆಗೂ ನುಗ್ಗುತ್ತದೆ. ಅಕ್ಕಿ ಮೂಟೆ ಮಂಚದ ಮೇಲೆ, ಅಮ್ಮ ಮಹಡಿ ಮನೆಯವರ ಹತ್ತಿರ. ಅಮ್ಮನಿಗೆ ಮಂಡಿನೋವು ಬೇರೆ, ಹೆಗಲು ಕೊಟ್ಟೇ ಮೆಟ್ಟಿಲು ಹತ್ತಿಸಬೇಕು. ದೂರು ಕೊಟ್ಟರೆ ಮೊಬೈಲಿಗೆ ಮೆಸೇಜ್ ಬರುತ್ತದೆ, 'ದೂರು ಪರಿಹಾರವಾಗಿದೆ' ಅಂತ. ಯಾವಾಗ ಸ್ವಾಮಿ?

ಕಳೆದ ವರ್ಷ ಯಾವುದೋ ಸಮಿತಿ ಪರಿಶೀಲನೆಗೆ ಬರುತ್ತದೆ ಅಂತ ಸುದ್ದಿಯಾಯಿತು. ಹಿಂದಿನ ರಾತ್ರಿಯೇ ಟಾರ್ ಲಾರಿ ಹಾಜರ್. ಮುಖ್ಯರಸ್ತೆಯ ಗುಂಡಿ ಮುಚ್ಚಿದರು, ಬ್ಲೀಚಿಂಗ್ ಪೌಡರ್ ಎರಚಿದರು. ನಮ್ಮ ತಿರುವಿಗೆ ಅಡ್ಡಲಾಗಿ ಹಸಿರು ಬಟ್ಟೆ ಕಟ್ಟಿಬಿಟ್ಟರು, ಮೋರಿ ಕಾಣದ ಹಾಗೆ! ಕಾರುಗಳು ಬಂದವು, ಹೋದವು. ಗಾಜು ಕೂಡ ಇಳಿಯಲಿಲ್ಲ. ಸಂಜೆ ಆ ಬಟ್ಟೆಯನ್ನೂ ಬಿಚ್ಚಿಕೊಂಡು ಹೋದರು. ಬಾಡಿಗೆಯದ್ದಿರಬೇಕು, ಪಾಪ.

ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದ್ರೆ ಯಾರಿದ್ದರು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನದ 243-ಯು ವಿಧಿ. ಆಗಲಿಲ್ಲ. ಐದು ವರ್ಷ ಆಡಳಿತಾಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಮ್ಮ ಪಾಲಿಗೆ ಬೋರ್ಡು ಬದಲಾಯಿತು, ಅಷ್ಟೇ. ಇಷ್ಟು ವರ್ಷ ಪಾಲಿಕೆಯನ್ನು ಗದರಿ ಕೇಳಬಹುದಾಗಿದ್ದ, ನಾವು ವೋಟು ಹಾಕಿ ಕಳಿಸಿದ ಜನ ಅಂದ್ರೆ ನೀವೇ ಅಲ್ವಾ?

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ, ಹೇಳದೆ ಬನ್ನಿ. ಕಾರಿನಿಂದ ಇಳಿಯಿರಿ. ಅಧಿಕಾರಿಗಳ ಪವರ್‌ಪಾಯಿಂಟನ್ನು ವಿಧಾನಸೌಧದಲ್ಲೇ ನೋಡಿಕೊಳ್ಳಿ, ಇಲ್ಲಿ ನಮ್ಮ ಮಾತು ಕೇಳಿ. ಕೇಳಿದ್ದನ್ನು ವರದಿಯಲ್ಲಿ ಬರೆಯಿರಿ. ನಿಮ್ಮ ಶಿಫಾರಸನ್ನು ಇಲಾಖೆ ಏನು ಮಾಡಿತು ಅಂತ ಸದನದಲ್ಲಿ ಬಾಯಿ ಬಿಡಿಸಿ. ಮಳೆಗಾಲಕ್ಕೆ ಮೊದಲೇ ಬನ್ನಿ. ಮಳೆಯಲ್ಲೇ ಬಂದರೂ ಸರಿ, ವರದಿ ಬರೆಯುವುದು ಇನ್ನೂ ಸುಲಭ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರ